ಹುಳು ಬಲ್ಲವಳು ಒಲೆಯ ಮುಂದೆ

ಕಳೆದ ವಾರ ನಾಲ್ಕು ದಿನ ಮಸೂತಿ ಎಂಬ ಊರಿನಲ್ಲಿ ಸರ್ಕಾರಿ ರೊಟ್ಟಿ ತಿಂದೆ. (ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾಚಿಕೆ ಬಿಟ್ಟು ತಿಂದೆ.) ಅದೆಷ್ಟು ದುಬಾರಿ ರೊಟ್ಟಿ ಎಂಬುದು ಕೊನೆಯ ದಿನ ಗೊತ್ತಾಯಿತು.

ಯುವ ರೈತರಿಗೆ ಕೀಟ ಹತೋಟಿಯ ತರಬೇತಿ ಶಿಬಿರ. ಶಾಲೆಯ ಹಾಲ್‌ನಲ್ಲಿ ಇಪ್ಪತ್ತು ಯುವಕರು. ಪಾಠ ಹೇಳಲು ಜೀಪಿನಲ್ಲಿ ಬಂದ ಒಬ್ಬ ಆಫೀಸರು. ಪತ್ರಿಕೆಯವನೊಬ್ಬ ಇರಲಿ ಎಂದು ನಾನು. ಆಫೀಸರು ಬೋರ್ಡಿನ ಮೇಲೆ ತೊಗರಿಯ ಕಾಯಿ ಕೊರೆಯುವ ಹುಳುವಿನ ಚಿತ್ರ ಬರೆದರು. ಹುಳುವೋ ಹಾವೋ, ನನಗಂತೂ ತಿಳಿಯಲಿಲ್ಲ. ಡಿಡಿಟಿ, ಬಿಎಚ್‌ಸಿ ಎಂದು ಪುಡಿಗಳ ಹೆಸರನ್ನು ಬಾಯಿಪಾಠ ಮಾಡಿಸಿದರು. ಪುಡಿ ಎಲ್ಲಿ? ಸ್ಟಾಕ್ ಇನ್ನೂ ಬಂದಿಲ್ಲವಂತೆ.

ಅದೇ ಊರಿನ ಶರಣಪ್ಪ ಶಿಬಿರದ ವಿದ್ಯಾರ್ಥಿ. ಅವನ ಹೆಂಡತಿ ಗಂಗವ್ವ ಮತ್ತು ನಾಲ್ವರು ಹೆಂಗಸರು ಶಿಬಿರದ ಅಡುಗೆಗೆ. (ಹೆಂಗಸರಿಗೇಕೆ ತರಬೇತಿ? ರೊಟ್ಟಿ ಬಡಿಯಲು ಬರುತ್ತದಲ್ಲ!) ಮೊದಲ ದಿನವೇ ಗಂಗವ್ವ ಆಫೀಸರ ಮುಂದೆ ಬಂದು ನಿಂತಳು.

"ಸಾಹೇಬ್ರ, ನಮ್ಮ ತೊಗರ್ಯಾಗ ಕೀಡಿ ಬಿದ್ದಾವ್ರಿ. ಮುಂಜಾನೆ ಗಿಡಾ ಅಳ್ಳಾಡಿಸಿ ಹುಳಾ ಉದರಸ್ತೇವ್ರಿ ನಾವು. ಎರಡ ತಾಸು ಬಿಡ್ರಿ, ಮುಗಿಸಿ ಬರ್ತೇವಿ."

"ಅದೆಲ್ಲಾ ನಿಮ್ಮಜ್ಜನ ಕಾಲದ್ದಮ್ಮಾ. ಇದು ಸೈಂಟಿಫಿಕ್ ಶಿಬಿರ. ಏಳು ಗಂಟೆಗೆ ತಿಂಡಿ ರೆಡಿ ಇರ್ಲಿ."

ಯುವಕರು ನಕ್ಕರು. ಶರಣಪ್ಪ ತಲೆ ತಗ್ಗಿಸಿ ನೋಟ್ಸ್ ಬರೆದುಕೊಂಡ. ನಾನೇನು ಮಾಡಿದೆ? ಬಾಯಲ್ಲಿ ರೊಟ್ಟಿ ಇತ್ತು.

ನಾಲ್ಕನೆಯ ದಿನ ಪ್ರಾತ್ಯಕ್ಷಿಕೆ. ಹತ್ತಿರವಿದೆ ಎಂದು ಶರಣಪ್ಪನ ಹೊಲಕ್ಕೇ ಹೋದೆವು. ಹೆಂಗಸರೂ ಚಹಾದ ಕಿಟ್ಲಿ ಹೊತ್ತು ಹಿಂದೆ ಬಂದರು. ಅರ್ಧಕ್ಕರ್ಧ ಕಾಯಿಗಳಲ್ಲಿ ತೂತು. ಆಫೀಸರು ಒಂದು ಕಾಯಿ ಕಿತ್ತು ಎತ್ತಿ ಹಿಡಿದರು: "ನೋಡ್ರಪ್ಪಾ, ರೈತ ಅಸಡ್ಡೆ ಮಾಡಿದ್ರೆ ಹೀಗಾಗುತ್ತೆ!"

ಅಸಡ್ಡೆಯಂತೆ! ನಾಲ್ಕು ಮುಂಜಾನೆ ಆ ಕೈಗಳು ನಮ್ಮ ತಾಟಿಗೆ ರೊಟ್ಟಿ ಬಡಿಯುತ್ತಿದ್ದವು. ಇತ್ತ ವರ್ಷದ ಬೆಳೆ ಹುಳುವಿನ ಹೊಟ್ಟೆಗೆ ಹೋಗುತ್ತಿತ್ತು. ನನಗೆ ಮುಖ ಎತ್ತಲಾಗಲಿಲ್ಲ. ಆಫೀಸರಿಗೆ? ನಾಚಿಕೆಯ ಸ್ಟಾಕೂ ಬಂದಿರಲಿಲ್ಲ.

ಗಂಗವ್ವ ಕಿಟ್ಲಿ ಕೆಳಗಿಟ್ಟಳು. ಸರಸರನೆ ಶಾಲೆಗೆ ಹೋಗಿ ಶಿಬಿರದ ಜಮಖಾನೆ ಹೊತ್ತು ತಂದಳು. ಸಾಲಿನ ನಡುವೆ ಹಾಸಿ, ಹೆಂಗಸರೆಲ್ಲ ಸೇರಿ ಗಿಡ ಬಾಗಿಸಿ ಅಲ್ಲಾಡಿಸಿದರು. ಪಟಪಟನೆ ಹುಳು ಉದುರಿದವು. ಎರಡು ಸಾಲಿಗೇ ಬೊಗಸೆ ತುಂಬುವಷ್ಟು!

"ಇನ್ನ ಉಳದದ್ದಾದ್ರೂ ಉಳೀಲಿ," ಎಂದಳು. "ಇವನ್ನ ಕೋಳಿಗೆ ಹಾಕ್ತೇವಿ."

ಶರಣಪ್ಪ ನೋಟ್‌ಬುಕ್ಕನ್ನು ಬದುವಿನ ಮೇಲಿಟ್ಟು ತಾನೂ ಗಿಡ ಹಿಡಿದ. ಉಳಿದ ಯುವಕರೂ ಒಬ್ಬೊಬ್ಬರಾಗಿ ಸಾಲಿಗಿಳಿದರು. ಈ ಸಲ ಯಾರೂ ನಗಲಿಲ್ಲ.

ಆಫೀಸರು ಮಾತ್ರ ಗಾಬರಿಯಾಗಿ ಕೂಗಿದರು: "ಏಯ್, ಅದು ಸರ್ಕಾರಿ ಜಮಖಾನೆ! ಹುಳ ಬಿದ್ದು ಹಾಳಾಗಲ್ವಾ?"

ಜಮಖಾನೆಗೆ ಬಿದ್ದ ಹುಳು ಥಟ್ಟನೆ ಕಂಡ ಕಣ್ಣಿಗೆ, ತೊಗರಿಗೆ ಬಿದ್ದದ್ದು ನಾಲ್ಕು ದಿನ ಯಾಕೆ ಕಾಣಲಿಲ್ಲ ಸ್ವಾಮಿ?