ಭರಣಿಯೊಳಗಿನ ಗಾರ್ನೆಟ್

ನಮ್ಮ ಪಕ್ಕದ ಮನೆಯ ಚಿತ್ತರಂಜನಣ್ಣನಿಗೆ ತೊಕ್ಕೊಟ್ಟಿನಲ್ಲಿ ಹೋಟೆಲಿದೆ. ಮೀನಿನೂಟಕ್ಕೆ ಜನ ಕಾದು ನಿಲ್ಲುತ್ತಾರೆ. ಆದರೆ ಅವರ ಜೀವ ಇರುವುದು ಕಲ್ಲುಗಳಲ್ಲಿ. ರಸ್ತೆ ಬದಿಯಲ್ಲಿ ಎಲ್ಲೇ ಕಲ್ಲಿನ ರಾಶಿ ಕಂಡರೂ ಅವರ ಸ್ಕೂಟರ್ ನಿಲ್ಲಲೇಬೇಕು. ಹಿಂದೆ ಕುಳಿತ ಹೆಂಡತಿ ರತ್ನಕ್ಕ ಕೊಡೆ ಬಿಡಿಸಿ, ಮದುವೆ ಊಟಕ್ಕೆ ತಡವಾಯಿತೆಂದು ಗೊಣಗುತ್ತಾರೆ. ಅದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಮನೆಯಲ್ಲೇ ರತ್ನವಿರುವಾಗ ಬೀದಿಯ ಕಲ್ಲು ಯಾಕೆ ಎಂದು ನಾನೂ ಛೇಡಿಸಿದ್ದೇನೆ. ಅವರು ನಕ್ಕು, ಕಲ್ಲನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕುತ್ತಾರೆ.

ಅವರ ಕಪಾಟಿನ ರಾಜ ಕೂಳೂರಿನಲ್ಲಿ ಸಿಕ್ಕಿದ್ದು. ಹೊಸ ಫ್ಲ್ಯಾಟಿನ ತೋಟಕ್ಕೆಂದು ಇಳಿಸಿದ್ದ ಹೊಳೆಗಲ್ಲುಗಳ ನಡುವೆ ಇತ್ತಂತೆ. ಅಂಗೈಯಗಲದ ಕಪ್ಪು ಚಪ್ಪಟೆ ಕಲ್ಲು, ಮೈತುಂಬ ದಾಳಿಂಬೆ ಬೀಜದಂಥ ಗಾರ್ನೆಟ್ ಹರಳುಗಳು. ಕಲ್ಲು ಕೂಡಿಡುವ ಇನ್ನೊಬ್ಬರು, ನಿವೃತ್ತ ಮೇಷ್ಟ್ರು ಪಿಯುಸ್, ಅದನ್ನು ನೋಡಿ ಮೇ ತಿಂಗಳಲ್ಲಿ ಹಂಪನಕಟ್ಟೆಯಲ್ಲಿ ನಡೆಯುವ ಕಲ್ಲುಗಳ ಪ್ರದರ್ಶನಕ್ಕೆ ಕರೆದರು. ಅದುವರೆಗೆ ಎಲ್ಲರೂ ಹುಚ್ಚು ಎಂದದ್ದೇ ಹೆಚ್ಚು. ಈಗ ಅವರ ಹೆಸರಿನಲ್ಲೇ ಒಂದು ಮೇಜು. ಚಿತ್ತರಂಜನಣ್ಣ ಹೊಸ ಅಂಗಿ ಹೊಲಿಸಿದರು.

ಪ್ರದರ್ಶನದ ಹಿಂದಿನ ದಿನ ಕಪಾಟು ತೆರೆದರೆ ರಾಜನ ಜಾಗ ಖಾಲಿ. ಮನೆಯೆಲ್ಲ ತಲೆಕೆಳಗಾಯಿತು. ಕೂಗು ಕೇಳಿ ನಾನೂ ಹೋದೆ.

"ಆ ಚಪ್ಪಟೆ ಕಲ್ಲಾ?" ರತ್ನಕ್ಕ ಅಡುಗೆಮನೆಯಿಂದಲೇ ಕೇಳಿದರು. "ಅದು ಉಪ್ಪಡ್ ಪಚ್ಚಿಲ್‌ನ ಭರಣಿಯಲ್ಲಿ ಉಂಟು. ನನ್ನ ಹಳೇ ಕಲ್ಲು ಒಡೆದು ಹೋಯ್ತು."

ಹಲಸಿನ ಸೊಳೆಗೆ ಉಪ್ಪು ಬೆರೆಸಿ ಭರಣಿಗೆ ತುಂಬಿ, ಸೊಳೆ ಮೇಲೆ ಏಳದಂತೆ ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿಟ್ಟರೆ ನಮ್ಮಲ್ಲಿ ಮಳೆಗಾಲದ ಚಿಂತೆಯಿಲ್ಲ. ಮಳೆ ಜಡಿಯುವ ಆಟಿ ತಿಂಗಳವರೆಗೆ, ಅಂದರೆ ಆಷಾಢದವರೆಗೆ, ಅದನ್ನು ಮುಟ್ಟುವಂತಿಲ್ಲ.

"ಒಮ್ಮೆ ತೆಗೆದು ಕೊಡು ರತ್ನಾ, ನಾಳೆ ಸಂಜೆ ವಾಪಸ್ ಇಡುವ."

"ಗಾಳಿ ತಾಗಿದ್ರೆ ಹುಳ ಆಗ್ತದೆ. ಮತ್ತೆ ಆಟಿಯಲ್ಲಿ ಎಂತ ತಿನ್ನುವುದು, ನಿಮ್ಮ ಕಲ್ಲಾ?"

ಹೋಟೆಲು ನಡೆಸುವವರು ಊಟ ಹಾಳು ಮಾಡಲಾರರು. ಆ ಸಂಜೆ ಅವರ ಮುಖ ನೋಡಿ ನನಗೆ ಸಂಕಟವಾಯಿತು. "ಭರಣಿಯನ್ನೇ ತೆಗೊಂಡು ಹೋಗುವ ಮಾರಾಯ್ರೆ" ಎಂದುಬಿಟ್ಟೆ. ತಮಾಷೆಗೆ ಹೇಳಿದ್ದು, ಅವರು ಹಿಡಿದುಕೊಂಡರು. ಮರುದಿನ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ರತ್ನಕ್ಕ ಭರಣಿ ಅಪ್ಪಿಕೊಂಡು ಕುಳಿತರು. ಬೇರೆ ಯಾರನ್ನು ನಂಬಿಯೂ ಅದನ್ನು ಕಳಿಸಲಾರರಂತೆ.

ಬೇರೆ ಮೇಜುಗಳ ಮೇಲೆ ಸ್ಫಟಿಕ, ಅಗೇಟು ಮಿನುಗುತ್ತಿದ್ದವು. ನಮ್ಮ ಮೇಜಿನಲ್ಲಿ ಕಪಾಟಿನ ಉಳಿದ ಕಲ್ಲುಗಳು, ನಡುವೆ ಬಾಯಿ ಕಟ್ಟಿದ ಭರಣಿ. ಜನ ಬಂದು ಭರಣಿಯನ್ನೇ ನೋಡತೊಡಗಿದರು. ಕೆಲವರು ಮೂಸಿದರು. ಒಬ್ಬಳು ಹುಡುಗಿ, ಇದರಲ್ಲಿ ಎಂತ ಉಂಟು ಎಂದು ಕೇಳಿದಾಗ ಚಿತ್ತರಂಜನಣ್ಣ ಬೆವರು ಒರೆಸಿಕೊಂಡರು.

ರತ್ನಕ್ಕ ಕುರ್ಚಿಯಿಂದ ಎದ್ದರು.

"ಒಂದು ಕಪ್ಪು ಕಲ್ಲು ಉಂಟು. ಬಿಸಿಲಿಗೆ ಹಿಡಿದ್ರೆ ಅದರ ಕೆಂಪು ಹರಳು ಒಳಗೇ ದೀಪ ಇಟ್ಟ ಹಾಗೆ ಕಾಣ್ತದೆ. ಒಂದು ಬದಿಯಲ್ಲಿ ಸಣ್ಣ ಬಿಳಿ ಗೆರೆ, ಬೆರಳಿಗೂ ಸಿಕ್ಕುವುದಿಲ್ಲ. ಎಲ್ಲಿಯೂ ಬಿರುಕಿಲ್ಲ. ಇವರ ಅಷ್ಟೂ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಇದೇ ಒಳ್ಳೇದು."

ಚಿತ್ತರಂಜನಣ್ಣ ಹೆಂಡತಿಯನ್ನೇ ನೋಡುತ್ತಿದ್ದರು. ಆ ಬಿಳಿ ಗೆರೆಯ ಸುದ್ದಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೇಜು ಸಿಕ್ಕಿದ್ದಕ್ಕಿಂತ ದೊಡ್ಡ ಸಂತೋಷ ಅವರಿಗೆ ಆಗ ಆಯಿತು. ಕಣ್ಣು ಒದ್ದೆಯಾದದ್ದನ್ನು ಸೆಕೆಯ ಮೇಲೆ ಹಾಕಿದರು. ಸಂಜೆಯವರೆಗೂ ರತ್ನಕ್ಕನೇ ಮಾತನಾಡಿದರು. ಪಿಯುಸ್ ಮೇಷ್ಟ್ರು ಆಟಿಗೆ ಊಟಕ್ಕೆ ಬರುತ್ತೇನೆಂದು ತಾವೇ ಹೇಳಿಕೊಂಡರು.

ಆಟಿಯಲ್ಲಿ ಭರಣಿ ತೆರೆಯಿತು. ಪಲ್ಯ ಸೊಗಸಾಗಿತ್ತು. ರತ್ನಕ್ಕ ಕಲ್ಲನ್ನು ತೊಳೆದು ಗಂಡನ ಕೈಗಿಟ್ಟರು.

"ಕಪಾಟಿನಲ್ಲಿಡಿ. ಭರಣಿಗೆ ಬೇರೆ ಹುಡುಕುವ."

ಮೊನ್ನೆ ಉಳ್ಳಾಲದ ದಾರಿಯಲ್ಲಿ ಅವರ ಸ್ಕೂಟರ್ ನಿಂತಿತ್ತು. ಚಿತ್ತರಂಜನಣ್ಣ ಕೊಡೆ ಹಿಡಿದು ಸೀಟಿನ ಮೇಲೆ ಕುಳಿತಿದ್ದರು. ಮದುವೆಗೆ ತಡವಾಗುತ್ತಿದೆ ಎಂದು ನನ್ನಲ್ಲಿ ದೂರಿದರು. ರತ್ನಕ್ಕ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ರಾಶಿಯಲ್ಲಿ ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದರು.