ಕಾಲಿನಿಂದ ಏರಿದ ಸ್ವರ

ಗಿಟಾರು ನನ್ನ ತೊಡೆಯ ಮೇಲೆ ಮಲಗುವಷ್ಟು ಸಮಾಧಾನದಿಂದ ನಾನು ನನ್ನ ಹಾಸಿಗೆಯಲ್ಲಿ ಎಂದೂ ಮಲಗಿದವನಲ್ಲ. ರೋಣದ ಹೈಸ್ಕೂಲಿನಲ್ಲಿ ಗಣಿತ ಕಲಿಸುವುದು ನನ್ನ ನೌಕರಿ, ಚಿಂತೆ ಮಾಡುವುದು ಸ್ವಭಾವ. ರವಿವಾರ ನರಗುಂದಕ್ಕೆ ಹೋಗಿ ಭಜನೆ ಪದ, ಜಾನಪದದ ಕ್ಯಾಸೆಟ್ಟುಗಳಿಗೆ ಹವಾಯಿಯನ್ ಗಿಟಾರು ನುಡಿಸುವುದೊಂದೇ ನಾನಾಗಿ ಆರಿಸಿಕೊಂಡದ್ದು. ಮಲಗಿಸಿಟ್ಟ ಗಿಟಾರಿನ ತಂತಿಗಳ ಮೇಲೆ ಎಡಗೈಯಿಂದ ಉಕ್ಕಿನ ತುಂಡೊಂದನ್ನು ಜಾರಿಸುತ್ತ ಬಲಗೈಯಿಂದ ಮೀಟಬೇಕು. ಹಾಡುವವರು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನದು ಬಂದು ಹೋಗಿರುತ್ತಿತ್ತು. ಕ್ಯಾಸೆಟ್ಟಿನ ಮೇಲೆ ನನ್ನ ಹೆಸರು ಬಂದದ್ದಿಲ್ಲ. ಬಂದಿದ್ದರೆ ಅಕ್ಷರ ತಪ್ಪಾಗಿದೆಯೇನೋ ಎಂದು ಚಿಂತೆ ಮಾಡುತ್ತಿದ್ದೆ.

ರೆಕಾರ್ಡಿಂಗ್ ಕೋಣೆ ಇದ್ದದ್ದು ಕಾಳಿನ ಅಂಗಡಿಯ ಮೇಲಿನ ಅಟ್ಟದಲ್ಲಿ. ಸದ್ದು ಮಾರ್ದನಿಸದಿರಲೆಂದು ಗೋಡೆಗೆಲ್ಲ ಖಾಲಿ ಗೋಣಿಚೀಲ ಹೊಡೆದಿದ್ದರು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿರಬೇಕು, ಒಂದು ರವಿವಾರ ಅಲ್ಲಿಗೆ ಹೋದರೆ ಹೊಸ ಕೀಬೋರ್ಡು ಬಂದಿತ್ತು. ರೆಕಾರ್ಡಿಂಗ್ ಮಾಡುವವರನ್ನು ನಾವೆಲ್ಲ ಭಾಯಿ ಎನ್ನುತ್ತಿದ್ದೆವು. ಭಾಯಿ ಅದರ ಮೇಲಿನ ಬಟ್ಟೆ ಸರಿಸುತ್ತ ಹೇಳಿದರು:

"ಮಾಸ್ತರ್ರ, ಇದರಾಗ ಶಹನಾಯಿ ಐತಿ, ಕೊಳಲ ಐತಿ, ನಿಮ್ಮ ಗಿಟಾರೂ ಐತಿ. ಮುಂದಿನ ತಿಂಗಳ ಒಂದ ಪದ ಬರೂದೈತಿ. ಇದಕ್ಕ ಬರಲಾರದ್ದು ಏನರ ನಿಮ್ಮ ಕೈಯಾಗ ಇದ್ರ ಬರ್ರಿ. ಇಲ್ಲಂದ್ರ ಯಾಕ ಸುಮ್ಮನ ಬಿಸಲಾಗ ತ್ರಾಸ?"

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಹಾಗಾಗಿ ಸಿಟ್ಟು ಮಾಡಿಕೊಳ್ಳುವ ಅನುಕೂಲವೂ ನನಗಿರಲಿಲ್ಲ.

ಕೀಬೋರ್ಡಿಗೆ ಬಾರದ್ದು ಯಾವುದೆಂದು ನನಗೆ ಗೊತ್ತಿತ್ತು. ನನಗೂ ಅದು ಬರುತ್ತಿರಲಿಲ್ಲ, ಅಷ್ಟೇ ತೊಂದರೆ. ಹುಬ್ಬಳ್ಳಿಯ ಹಳೆ ಸಾಮಾನಿನವನ ಬಳಿ ಕೊಂಡ ಅಮೆರಿಕದ ಹಳ್ಳಿಹಾಡುಗಳ ಕ್ಯಾಸೆಟ್ಟೊಂದು ನನ್ನಲ್ಲಿತ್ತು. ಮೂಗಿನಲ್ಲಿ ಹಾಡುವವರ ಮಾತು ನನಗೆ ಹತ್ತುತ್ತಿರಲಿಲ್ಲ; ಲಾರಿ, ರೈಲು, ಬಿಟ್ಟುಹೋದ ಹೆಂಡತಿ, ಇಷ್ಟು ತಿಳಿಯುತ್ತಿತ್ತು. ಆದರೆ ಸಾಲು ಸಾಲಿನ ಕೊನೆಗೂ ಒಂದು ಉಕ್ಕಿನ ಗಿಟಾರು ಉತ್ತರ ಕೊಡುತ್ತಿತ್ತು. ಎರಡು ತಂತಿ ಕೂಡಿಯೇ ಮಿಡಿದರೂ ಒಂದು ಇದ್ದಲ್ಲೇ ನಿಂತು ಇನ್ನೊಂದು ಮಾತ್ರ ಮೆಲ್ಲಗೆ ಮೇಲೇರುತ್ತಿತ್ತು. ನಾನು ಉಕ್ಕು ಜಾರಿಸಿದರೆ ಎರಡೂ ಒಟ್ಟಿಗೇ ಏರುತ್ತಿದ್ದವು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಟೊಪ್ಪಿಗೆಯ ಮೂವರು ಗಾಯಕರ ಚಿತ್ರಗಳು ಮಾತ್ರ. ಆ ಮೂವರ ಹಿಂದೆಯೂ ಇದ್ದದ್ದು ಒಂದೇ ಕೈ ಎಂದು ನನಗೆ ಅನ್ನಿಸುತ್ತಿತ್ತು. ಬೆಳಿಗ್ಗೆ ಒಬ್ಬರ ದುಃಖಕ್ಕೆ, ಮಧ್ಯಾಹ್ನ ಇನ್ನೊಬ್ಬರ ದುಃಖಕ್ಕೆ ಕರೆಸಿಕೊಂಡು, ತನ್ನ ದುಃಖವನ್ನು ಸಂಜೆಗೆ ಇಟ್ಟುಕೊಂಡ ಮನುಷ್ಯ.

ಗಜೇಂದ್ರಗಡದಲ್ಲಿ ಸೀರೆ ನೇಯುವ ಕಾಕಾ ಒಬ್ಬರು ನನ್ನ ಜೊತೆ ಭಜನೆಗೆ ತಾಳ ಹಾಕುತ್ತಿದ್ದರು. ಟೇಪ್ ರೆಕಾರ್ಡರು ಹಿಡಿದು ಅವರ ಮನೆಗೆ ಹೋದೆ. ಅವರು ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿದು ನೇಯುತ್ತಲೇ ಎರಡು ಹಾಡು ಕೇಳಿದರು. ಮೂರನೆಯದಕ್ಕೆ ಮಗ್ಗ ನಿಲ್ಲಿಸಿದರು.

"ಮಾಸ್ತರ್ರ, ಇಂವಾ ಕಾಲಿಲೆ ಬಾರಸಾಕತ್ತಾನ."

"ಕಾಲಿಲೆ ಯಾರ ಗಿಟಾರ ಬಾರಸ್ತಾರ ಕಾಕಾ?"

"ಒಂದ ಕೈ ಉಕ್ಕು ಹಿಡದೈತಿ, ಇನ್ನೊಂದ ಕೈ ಮೀಟತೈತಿ. ಮತ್ತ ಆ ತಂತಿ ಎಳಿಯವರ ಯಾರು, ಅವನ ಮಾವಾ? ಕೆಳಗ ಏನೋ ತುಳಿತಾನ್ರಿ. ಗಣಿತಾ ಕಲಸ್ತೀರಿ, ಇಷ್ಟ ಲೆಕ್ಕಾ ಹತ್ತಲಿಲ್ಲ?"

ಹತ್ತಿರಲಿಲ್ಲ. ಆ ಕ್ಯಾಸೆಟ್ಟನ್ನು ಹದಿನೈದು ವರ್ಷ ಕೇಳಿದ್ದೆ.

ಮರುದಿನ ಗಿಟಾರನ್ನೂ ಒಯ್ದು ಅವರ ಮನೆಯಲ್ಲೇ ಬಿಟ್ಟು ಬಂದೆ. ಕಾಕಾ ಅದಕ್ಕೊಂದು ಕಟ್ಟಿಗೆಯ ಸ್ಟ್ಯಾಂಡು ಮಾಡಿ, ಕೆಳಗೆ ಮಗ್ಗದ್ದೇ ಥರದ ತುಳಿಯುವ ಹಲಗೆ ಕೂಡಿಸಿ, ಅದರಿಂದ ತಂತಿಗಳ ಬುಡಕ್ಕೆ ಗಟ್ಟಿ ದಾರ ಬಿಗಿಯತೊಡಗಿದರು. ನಾನು ರೋಣದಲ್ಲಿ ಕೂತು ಗಿಟಾರು ಸೀಳಿಹೋಗುತ್ತದೆ, ಹಿಂದೊಮ್ಮೆ ಬಿದ್ದ ಹಾಗೆ ಬಸ್ಸಿನ ಮೇಲಿನಿಂದ ಬೀಳುತ್ತದೆ, ಇಲ್ಲವೇ ಎಲ್ಲ ಸರಿಯಾಗಿ ನನಗೇ ನುಡಿಸಲು ಬರುವುದಿಲ್ಲ ಎಂದು ಸರದಿಯಂತೆ ಚಿಂತಿಸಿದೆ. ರೆಕಾರ್ಡಿಂಗಿಗೆ ಎರಡು ದಿನ ಇರುವಾಗ ಹೋಗಿ ಹಲಗೆ ತುಳಿದೆ. ಒಂದು ತಂತಿ ಏರಿತು. ಅದೇ ಹೊತ್ತಿಗೆ ಪಕ್ಕದ್ದು ಇಳಿಯಿತು.

"ಕಾಕಾ, ಅದು ಸುಮ್ಮನ ನಿಂದರಬೇಕ್ರಿ. ಇಳೀಬಾರದು."

"ಒಂದ ಏರಿದ್ರ ಇನ್ನೊಂದ ಇಳೀಬೇಕಲ್ರಿ. ಇಲ್ಲಂದ್ರ ನಡುವ ಅಡ್ಡನೂಲಿನ ಲಾಳಿ ಹ್ಯಾಂಗ ಹಾಯತೈತಿ?"

"ಇಲ್ಲಿ ಲಾಳಿ ಎಲ್ಲೈತ್ರಿ!"

ಕಾಕಾ ಗಿಟಾರನ್ನೂ ನನ್ನನ್ನೂ ನೋಡಿ, ನಾಲಿಗೆ ಕಚ್ಚಿಕೊಂಡರು. ನಲವತ್ತು ವರ್ಷ ಅವರ ಕಾಲು ಅರ್ಧ ಎಳೆಗಳನ್ನು ಎತ್ತಿ ಉಳಿದರ್ಧವನ್ನು ಇಳಿಸಿದ್ದು. ಸುಮ್ಮನೆ ನಿಲ್ಲುವ ದಾರವೊಂದು ಇರಬಹುದೆಂದು ಅದಕ್ಕೆ ಗೊತ್ತಿರಲಿಲ್ಲ. ಬಿಚ್ಚಿ ಮತ್ತೆ ಕಟ್ಟಲು ವಾರ ಬೇಕಿತ್ತು. ರವಿವಾರ ಅದನ್ನು ಹಾಗೆಯೇ ಹೊತ್ತುಕೊಂಡು ನರಗುಂದದ ಬಸ್ಸು ಹತ್ತಿದೆ.

ಅಟ್ಟದ ಕೋಣೆಯಲ್ಲಿ ಹಾಡುವ ಅಕ್ಕ ಮೊದಲ ಸಾಲು ಮುಗಿಸಿದರು. ನಾನು ಕಣ್ಣು ಮುಚ್ಚಿ ತುಳಿದೆ. ಇಷ್ಟು ದೂರ ಕೂಡಿ ಬಂದ ಇಬ್ಬರು ಕ್ರಾಸಿನಲ್ಲಿ ಇಳಿದು ಬೇರೆ ಬೇರೆ ಬಸ್ಸು ಹತ್ತಿದ ಹಾಗೆ, ಒಂದು ಸ್ವರ ಮೇಲೆ ಹೋಯಿತು, ಒಂದು ಕೆಳಗೆ. ಅಮೆರಿಕದವನದ್ದು ಹೀಗಿರಲಿಲ್ಲ. ಅಕ್ಕ ಎರಡನೆಯ ಸಾಲು ಹಿಡಿಯುವುದನ್ನೇ ಮರೆತರು.

"ಅಯ್ಯ, ಇದೇನ್ರಿ ಇದು? ತಗೀಬ್ಯಾಡ್ರಿ, ಇರಲಿ."

ಪದ ಮುಗಿದ ಮೇಲೆ ಭಾಯಿ ಬಂದು ಬೆನ್ನು ತಟ್ಟಿದರು. "ಇದು ಕೀಬೋರ್ಡಿಗೆ ಬರೂದಿಲ್ಲ, ಖರೇ. ಮಾಸ್ತರ್ರ, ಈಗ ಒಂದೊಂದ ಸ್ವರಾ ಬಿಡಿಬಿಡಿಯಾಗಿ ಬಾರಸ್ರಿ, ರೆಕಾರ್ಡ ಮಾಡಿ ಇಟಗೋತೀನಿ." ಹೊಗಳಿಕೆಗೆ ಉಬ್ಬಿ ಕೆಳಗಿನಿಂದ ಮೇಲಿನವರೆಗೆ ಒಂದೂ ಬಿಡದೆ ನುಡಿಸಿಕೊಟ್ಟೆ. ದಾರಕ್ಕೆ, ಹಲಗೆಗೆ, ಬಸ್ಸಿಗೆ ಚಿಂತಿಸಿದ ನಾನು ಅದೊಂದಕ್ಕೆ ಚಿಂತಿಸಲಿಲ್ಲ.

ಎರಡು ತಿಂಗಳು ಕರೆ ಬರಲಿಲ್ಲ. ನಾನೇ ಹೋದೆ. ಭಾಯಿ ಸಂಭ್ರಮದಿಂದ ಕೂರಿಸಿ, ಕೀಬೋರ್ಡಿನ ಒಂದು ಕೀ ಒತ್ತಿದರು. ಒಂದು ಸ್ವರ ಏರಿತು, ಒಂದು ಇಳಿಯಿತು.

"ಕಂಪ್ಯೂಟರಿನ್ಯಾಗ ಹಾಕಿ ಇದಕ್ಕ ತುಂಬೇನ್ರಿ. ಎಲ್ಲಾರೂ ಇದನ್ನ ಕೇಳ್ತಾರ. ನಿಮಗ ಇನ್ನ ಬಸ್ಸಿನ ತ್ರಾಸಿಲ್ಲ."

ಚಹಾ ಕುಡಿದು ಎದ್ದೆ. "ಚಲೋ ಆತ್ರಿ" ಎಂದೂ ಹೇಳಿದ್ದು ನೆನಪಿದೆ.

ಕಾಕಾ ಸುದ್ದಿ ಕೇಳಿ, ನೇಯುತ್ತಲೇ ಹೇಳಿದರು: "ಅಂವಾ ಇಟಗೊಂಡಿದ್ದು ಆವತ್ತಿಂದು. ಇವತ್ತಿಂದು ನಿಮ್ಮ ಕಡೇನ ಐತಲ್ರಿ. ಹೋಗಿ ಬಾರಸ್ರಿ."

ಮಾತು ಮನಸ್ಸಿಗೆ ಹಿಡಿಸಿತು. ಮನೆಗೆ ಬಂದು ಗಿಟಾರಿನ ಮುಂದೆ ಕೂತು ತುಳಿದೆ, ಮತ್ತೆ ತುಳಿದೆ. ನಿಜ ಹೇಳಬೇಕೆಂದರೆ ಆವತ್ತಿನದೇ ಚೆನ್ನಾಗಿತ್ತು. ಹೆಂಡತಿ ಅಡುಗೆಮನೆಯಿಂದ, "ಯಾರಿಗಿದು, ಮತ್ತ ಕರದಾರೇನು?" ಎಂದು ಕೇಳಿದಳು. ಇಲ್ಲವೆಂದೆ. ಅವಳು ಕೇಳಿಸಲೆಂದು ಅಡುಗೆಮನೆಯ ಬಾಗಿಲು ತೆರೆದೇ ಇಟ್ಟಳು. ಊಟಕ್ಕೆ ಕರೆಯುವತನಕ ನುಡಿಸಿದೆ.