ಟವೆಲ್ ಹಾಕಿದ್ದ ಮೆಮೊರಿ

ಕೊರೋನಾ ಕಳೆದ ಮರುವರ್ಷ. ದಾವಣಗೆರೆಯ ಖಾಸಗಿ ಕಂಪನಿಯೊಂದರಲ್ಲಿ ನಾನು ಸರ್ವರ್ ಸೆಕ್ಯುರಿಟಿ ಎಂಜಿನಿಯರ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನನ್ನ ಪಾಲಿನ ತಾಲ್ಲೂಕುಗಳು. ಯಾರನ್ನೂ ನಂಬದಿರುವುದೇ ನನ್ನ ಕಸುಬು. ಕೊಟ್ಟ ಕಾಫಿಯನ್ನೂ ಮೂಸಿ ಕುಡಿಯುತ್ತೇನೆಂದು ಹೆಂಡತಿಯ ಗೇಲಿ.

ಚನ್ನಗಿರಿಯ ಅಡಿಕೆ ವ್ಯಾಪಾರಿಗಳ ಸಂಘವೊಂದರಿಂದ ಕರೆ ಬಂತು. ಆಪರೇಟರ್ ಸವಿತಾ ಸೆಕ್ಯುರಿಟಿ ಸ್ಕ್ಯಾನ್ ಶುರು ಮಾಡಿದಾಗಲೆಲ್ಲ ಹೊಸ ಸರ್ವರ್ ನಿಂತುಹೋಗುತ್ತಿತ್ತು. ಆಕೆ ಜಗಳೂರಿನವಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ವೈರಸ್ ಬಿಟ್ಟಿರೋ ಈ ಕಳ್ಳ ಕೆಲಸ ಈಕೇದೇ ಐತೆ. ನೀವು ಹೂಂ ಅನ್ರಿ, ಪೊಲೀಸ್‌ಗೆ ಬರೆದು ಕೊಡಾಕೆ ನಾನು ರೆಡಿ," ಎಂದರು ಮ್ಯಾನೇಜರ್ ರುದ್ರಪ್ಪ, ಇಡೀ ಆಫೀಸಿನ ಎದುರು.

"ಸ್ಕ್ಯಾನ್ ಮಾಡು ಅಂದೋರು ನೀವೇ ಅಲ್ಲೇನ್ರೀ?" ಎಂದಳು ಸವಿತಾ. ಕಣ್ಣು ತುಂಬಿದ್ದವು. ನನಗೆ ಆ ಕಣ್ಣೀರಿನ ಮೇಲೂ ಅನುಮಾನ.

ನಮ್ಮ ಕಂಪನಿಯ ಸ್ಕ್ಯಾನರ್, ಸರ್ವರ್ ನಡೆಸುವ ಮೂಲ ಸಾಫ್ಟ್‌ವೇರ್ ಆದ ಕರ್ನಲ್‌ನ ಪೇಜ್ ಟೇಬಲ್ ಹಿಡಿದು ಸಾಗುತ್ತದೆ. ಯಾವ ವಿಳಾಸ ಮೆಮೊರಿಯ ಯಾವ ಪುಟಕ್ಕೆ ಸೇರಿದ್ದು ಎಂದು ಆ ಟೇಬಲ್ ತೋರಿಸುತ್ತದೆ. ಕಂಡ ಪುಟವನ್ನೆಲ್ಲ ಓದಿ, ಅಡಗಿದ ವೈರಸ್ ಹುಡುಕುವುದು ಸ್ಕ್ಯಾನರ್‌ನ ಕೆಲಸ. ನಾನೇ ಓಡಿಸಿದೆ. ಒಂದು ಪುಟ ಮುಟ್ಟಿದ್ದೇ ತಡ, ಸರ್ವರ್ ಗಪ್‌ಚುಪ್. ಮತ್ತೆ ಓಡಿಸಿದರೂ ಅದೇ ಪುಟ. ವೈರಸ್ ಅಲ್ಲೇ ಅಡಗಿಸಿದ್ದಾಳೆ, ಸಿಕ್ಕಿಬಿದ್ದಳು ಎಂದುಕೊಂಡೆ. ನಾಳೆ ವರದಿ ಕೊಡುತ್ತೇನೆಂದು ಎದ್ದೆ.

ದಾವಣಗೆರೆ ಬಸ್ಸು ಹತ್ತಿ, ಖಾಲಿ ಸೀಟಿನ ಮೇಲಿದ್ದ ಟವೆಲ್ ಸರಿಸಿ ಕೂತೆ. ಕಿಟಕಿಯ ಹೊರಗಿಂದ ಒಬ್ಬ ಹೆಂಗಸು ಕೂಗಿದಳು.

"ಏನ್ರೀ ಯಜಮಾನ್ರೇ, ಟವೆಲ್ ಹಾಕಿದ್ದು ಕಾಣಲ್ಲೇನು? ಏಳ್ರಿ!"

"ಸೀಟು ಖಾಲಿ ಇತ್ತಲ್ಲಮ್ಮ."

"ಖಾಲಿ ಇದ್ರೆ ನಿಮ್ದಾಗತೈತೇನು?"

ಎದ್ದವನು ಬಸ್ಸಿನಿಂದಲೇ ಇಳಿದು ಸಂಘಕ್ಕೆ ಓಡಿದೆ.

ಆ ಸರ್ವರ್ ಪೂರ್ತಿ ಯಂತ್ರವಲ್ಲ. ದೊಡ್ಡ ಯಂತ್ರವೊಂದನ್ನು ಹೈಪರ್‌ವೈಸರ್ ಎಂಬ ಸಾಫ್ಟ್‌ವೇರ್ ಪಾಲು ಮಾಡಿಕೊಟ್ಟ ಒಂದು ಭಾಗ. ಹೈಪರ್‌ವೈಸರ್ ಕೆಲವು ಪುಟಗಳನ್ನು ಟವೆಲ್ ಹಾಕಿದಂತೆ ತನಗೆಂದೇ ಕಾದಿರಿಸಿ, ಸರ್ವರ್ ಏಳುವಾಗಲೇ ಮೆಮೊರಿ ಮ್ಯಾಪ್ ಎಂಬ ಪಟ್ಟಿಯಲ್ಲಿ ಹೇಳಿರುತ್ತದೆ. ಪೇಜ್ ಟೇಬಲ್‌ನಲ್ಲಿ ಕಂಡರೂ ಅವನ್ನು ಮುಟ್ಟಬಾರದು, ಮುಟ್ಟಿದರೆ ಸರ್ವರ್ ನಿಲ್ಲುತ್ತದೆ. ನಮ್ಮ ಸ್ಕ್ಯಾನರ್ ಆ ಮ್ಯಾಪ್ ನೋಡುತ್ತಲೇ ಇರಲಿಲ್ಲ.

ಅದೇ ಯಂತ್ರದಲ್ಲಿ ಸವಿತಾ ಎಂದೂ ಮುಟ್ಟದ ಇನ್ನೊಂದು ಸರ್ವರ್ ಎಬ್ಬಿಸಿ ಸ್ಕ್ಯಾನ್ ಮಾಡಿದೆ, ಅದೂ ನಿಂತಿತು. ಕಾದಿರಿಸಿದ ಪುಟಗಳನ್ನು ಓದದೆ ದಾಟುವಂತೆ ಸ್ಕ್ಯಾನರ್ ತಿದ್ದಿದೆ. ಈ ಸಲ ಎರಡರಲ್ಲೂ ಕೊನೆಯವರೆಗೆ ಓಡಿತು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ನನಗೆ ನಾಚಿಕೆಯಾಯಿತು.

ತಪ್ಪು ನಮ್ಮ ಸ್ಕ್ಯಾನರ್‌ದೆಂದು ಹೇಳಿದೆ. ರುದ್ರಪ್ಪ ನನ್ನೆದುರೇ ತಮ್ಮ ಕೋಣೆಗೆ ಸವಿತಾಳನ್ನು ಕರೆದು ಮೆಲ್ಲಗೆ, "ಆತು ಬಿಡವ್ವ, ನಾಳೆ ಬಾ," ಎಂದರು.

"ಬರ್ತೀನ್ರಿ. ಕಳ್ಳಿ ಅಂತ ಎಲ್ಲರ ಮುಂದೆ ಅಂದ್ರಿ. ಅಲ್ಲ ಅನ್ನೋದನ್ನೂ ಎಲ್ಲರ ಮುಂದೇನೇ ಅನ್ರಿ."

ರುದ್ರಪ್ಪ ನನ್ನ ಮುಖ ನೋಡಿದರು. ನಾನು ಬಾಗಿಲು ತೆರೆದು ಆಫೀಸಿನವರೆಲ್ಲರನ್ನೂ ಒಳಗೆ ಕರೆದೆ.

ಅನುಮಾನಪಡುವುದನ್ನು ನಾನಿನ್ನೂ ಬಿಟ್ಟಿಲ್ಲ; ಬಿಟ್ಟರೆ ನನಗೆ ಅನ್ನ ಹುಟ್ಟುವುದಿಲ್ಲ. ಈಗ ಮೊದಲು ನನ್ನ ಸ್ಕ್ಯಾನರ್ ಮೇಲೇ ಅನುಮಾನಪಡುತ್ತೇನೆ, ಆಮೇಲೆ ಮನುಷ್ಯರ ಮೇಲೆ.